ರಸ್ತೆಯ ಆಚೆ ಬದಿ

ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ತಲ್ಲೂರು. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥ ಆದ ಮೇಲಂತೂ ಕುಂದಾಪುರ ದಾಟಿದ್ದೇ ಗೊತ್ತಾಗುವುದಿಲ್ಲ. ಕಳೆದ ಸಲ ಹೋದಾಗ ಇದನ್ನೇ ಅಮ್ಮನೆದುರು ಹೊಗಳಿದೆ. ಅವಳು ಡೈರಿಗೆ ಹಾಲು ಕೊಟ್ಟು ಬಂದು ಕೂತಿದ್ದಳಷ್ಟೆ. "ನಿಮ್ಗೆ ಬೇಗ ಬಪ್ಪುಕ್ ಆಯ್ತ್ ಮಗಾ, ನಮ್ಗ್ ಆಚಿ ಬದಿಗ್ ಹೋಪುಕೇ ಆತಿಲ್ಲೆ" ಅಂದಳು.

ಡೈರಿ ಇರುವುದು ಆಚೆ ಬದಿಯಲ್ಲಿ. ಮೊದಲು ಎಡಕ್ಕೆ ಬಲಕ್ಕೆ ನೋಡಿ ದಾಟಿದರೆ ಆಯಿತು. ಈಗ ಅರ್ಧ ದಾಟಿ, ಡಿವೈಡರ್ ಮೇಲೆ ಕ್ಯಾನ್ ಹಿಡಿದು ನಿಂತು, ಮತ್ತರ್ಧಕ್ಕೆ ಕಾಯಬೇಕು. ಹೆದ್ದಾರಿ ಯೋಜನೆಗಳ ಲಾಭ-ನಷ್ಟದ ಲೆಕ್ಕದಲ್ಲಿ ವಾಹನದವರಿಗೆ ಉಳಿಯುವ ಸಮಯವನ್ನು ರೂಪಾಯಿಗೆ ಪರಿವರ್ತಿಸುತ್ತಾರೆ. ಅಂದರೆ ನನ್ನ ನಿದ್ದೆಗಣ್ಣಿನ ಹತ್ತು ನಿಮಿಷಕ್ಕೆ ಬೆಲೆ ಇದೆ, ಡಿವೈಡರ್ ಮೇಲಿನ ಅವಳ ಹತ್ತು ನಿಮಿಷಕ್ಕೆ ಇಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಟೆಸ್ಟ್ ಕೇಸ್ ಬರೆಯದ ಕಡೆ ಬಗ್ ಸಿಗುವುದೇ ಇಲ್ಲ. ವಾಹನಗಳಿಗಿಂತ ಜನರ ಓಡಾಟ ಮುಖ್ಯ ಅಂತ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳುತ್ತದೆ. ತಲ್ಲೂರು ನಗರವಲ್ಲ, ಒಪ್ಪುತ್ತೇನೆ. ನಗರದಲ್ಲಾದರೂ ಲೆಕ್ಕಕ್ಕೆ ಬರುವ ಜನ ಯಾರು?

2016ರ ಅಕ್ಟೋಬರ್ 16, ಭಾನುವಾರ. ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಬೇಡ ಅಂತ ಬೆಂಗಳೂರಿನವರು ಕೈ ಕೈ ಹಿಡಿದು ನಿಂತರಲ್ಲ, ಆ ಸಾಲಿನಲ್ಲಿ ನಾನೂ ಇದ್ದೆ. ಸುಮಾರು 1,800 ಕೋಟಿ ರೂಪಾಯಿಯ ಯೋಜನೆ, 800ಕ್ಕೂ ಹೆಚ್ಚು ಮರ. 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಈಗಲೂ ಅದರ ಬಗ್ಗೆ ಹೆಮ್ಮೆಯಿದೆ. ಆದರೆ ನಾವು ಗೆದ್ದದ್ದು ನ್ಯಾಯ ನಮ್ಮ ಕಡೆ ಇತ್ತು ಅಂತ ಮಾತ್ರವಾ? ನಮಗೆ ಭಾನುವಾರ ರಜೆ ಇತ್ತು, ಕೈಯಲ್ಲಿ ಟ್ವಿಟರ್ ಇತ್ತು, ಬಾಯಲ್ಲಿ ಇಂಗ್ಲಿಷ್ ಇತ್ತು.

ಮೂರು ವರ್ಷ ಹಿಂದೆ ಹೋಗಿ. ಈಜಿಪುರ ಅಂದರೆ ನಮಗೆ ನೆನಪಾಗುವುದು ವರ್ಷಗಟ್ಟಲೆ ಅರ್ಧಕ್ಕೆ ನಿಂತಿದ್ದ ಫ್ಲೈಓವರ್. ಅದೇ ಈಜಿಪುರದಲ್ಲಿ ಬಡವರಿಗೆಂದು ಪಾಲಿಕೆ ಕಟ್ಟಿಸಿದ್ದ ವಸತಿಗೃಹಗಳಿದ್ದವು. ಕಟ್ಟಡಗಳು ಕುಸಿದ ಮೇಲೂ ಜನ ಅಲ್ಲೇ ತಗಡಿನ ಶೆಡ್ಡುಗಳಲ್ಲಿದ್ದರು. ಜಾಗದ ಒಂದು ಪಾಲಿನಲ್ಲಿ ಮಾಲ್ ಕಟ್ಟುವ ಖಾಸಗಿ ಸಹಭಾಗಿತ್ವದ ಯೋಜನೆ ಬಂತು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಜೆಸಿಬಿಗಳು ಬಂದವು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಅವರಲ್ಲಿ ವಿರೋಧಿಸಿದವರಿದ್ದರು, ಜೊತೆಗೆ ನಿಂತ ಹೋರಾಟಗಾರರೂ ಇದ್ದರು. ಇರಲಿಲ್ಲವಾದದ್ದು ನಮ್ಮಂಥವರ ಸಾಲು.

ಅಲ್ಲಿದ್ದವರಲ್ಲಿ ಹಲವರು ಮೂಲ ಫಲಾನುಭವಿಗಳಲ್ಲ, ಬರೀ ಬಾಡಿಗೆಯವರು ಅಂತೊಂದು ವಾದ ಬಂದಿತ್ತು. ಕೋರಮಂಗಲದಲ್ಲಿ ಬಾಡಿಗೆಗಿದ್ದ ನನಗೆ ಅದು ಸರಿಯೆನಿಸಿತ್ತು ಮಾರಾಯ್ರೆ! ಬಾಡಿಗೆಯವರಿಗೂ ಶಾಲೆ, ಕೆಲಸ, ಕೊಟ್ಟ ಅಡ್ವಾನ್ಸ್ ಎಲ್ಲ ಆ ಜಾಗದಲ್ಲೇ ಇರುತ್ತದೆ ಅಂತ ಹೊಳೆಯಲೇ ಇಲ್ಲ. ಯೋಜನೆ ಮಾಡುವವರು ಎಣಿಸಲಿಲ್ಲ ಅಂತ ಇಷ್ಟು ಹೊತ್ತು ದೂರಿದೆನಲ್ಲ, ಆವತ್ತು ನಾನೂ ಎಣಿಸಿರಲಿಲ್ಲ. ಫುಟ್‌ಪಾತಿನ ಮೇಲೆ ಪಾತ್ರೆ, ಟ್ರಂಕು, ಮಕ್ಕಳ ಚೀಲ ರಾಶಿ ಬಿದ್ದಿದ್ದವು. ನಾನು ರಸ್ತೆ ದಾಟಿ ಆಚೆ ಬದಿಯಿಂದ ಆಫೀಸಿಗೆ ಹೋದೆ.