ಕೌದಿಯ ಕಲೆ ಮತ್ತು ಕಥನ

ಸವೆದ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರಪದರವಾಗಿ ಹಾಸಿ ಹೊಲಿದ ಕೌದಿಯನ್ನು ಕಲಾವಿಮರ್ಶೆ ಬಹುಕಾಲ ಗೃಹಕೃತ್ಯವೆಂದೇ ಎಣಿಸಿತ್ತು. ಈಗ ಅದು ಪ್ರದರ್ಶನಶಾಲೆಯ ಗೋಡೆಯನ್ನು ಏರಿದೆ. ಅಲ್ಲಿ ಅದನ್ನು ನೋಡತಕ್ಕ ಬಗೆ ಯಾವುದೆಂಬುದು ವಿಚಾರಾರ್ಹವಾದ ಪ್ರಶ್ನೆ.

ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರ ಕೌದಿಗಳು ಇದಕ್ಕೆ ಒಳ್ಳೆಯ ನಿದರ್ಶನ. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದ ಆಫ್ರಿಕದ ಜನರಲ್ಲಿ ಅನೇಕರು ಘಟ್ಟದ ಕಾಡುಗಳಿಗೆ ತಪ್ಪಿಸಿಕೊಂಡು ಹೋದರು. ಅವರ ಸಂತತಿಯವರು ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿದ್ದಾರೆ. ಅಲ್ಲಿನ ಹೆಂಗಸರು ಮೂಲೆಯೊಂದರಿಂದ ಹೊಲಿಗೆ ತೊಡಗಿ, ಅಂಚಿನಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಿಸಿದ ಮುಕ್ಕೋನದ ತುಂಡುಗಳನ್ನು ಸೇರಿಸುವರು. ಇವಕ್ಕೆ ಹೂವೆಂಬರ್ಥದ 'ಫುಲ' ಎಂದು ಹೆಸರು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಕ್ರೈಸ್ತ ಸಿದ್ದಿಯರ ಕೌದಿಗಳಲ್ಲಿ ಶಿಲುಬೆಯೂ ಮುಸಲ್ಮಾನರವುಗಳಲ್ಲಿ ಅರ್ಧಚಂದ್ರವೂ ಕಾಣಬರುವುದುಂಟು.

2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಅದಕ್ಕೆ ಮೊದಲು, 2002ರಲ್ಲಿ, ಅದೇ ನಗರದ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಅಲಬಾಮದ ಜೀಸ್ ಬೆಂಡ್ ಎಂಬ ಊರಿನ ಕರಿಯ ಹೆಂಗಸರ ಕೌದಿಗಳನ್ನು ತೋರಿಸಿದಾಗ, ವಿಮರ್ಶಕರು ಅವನ್ನು ಆಧುನಿಕ ಅಮೂರ್ತ ಚಿತ್ರಗಳಿಗೆ ಹೋಲಿಸಿ ಕೊಂಡಾಡಿದರು. ಈ ಹೊಗಳಿಕೆ ಸುಳ್ಳಲ್ಲ, ಆದರೆ ಅರೆಯಾದುದು. ಬಣ್ಣಗಳ ಹೊಂದಾಣಿಕೆ ಕಣ್ಣಿಗೆ ಸಿಕ್ಕುತ್ತದೆ; ಆ ಬಟ್ಟೆಯನ್ನು ಉಟ್ಟವರಾರೆಂಬುದು ಸಿಕ್ಕುವುದಿಲ್ಲ. ಅಮೇರಿಕದ ಕಲಾವಿದೆ ಫೇತ್ ರಿಂಗ್‌ಗೋಲ್ಡ್ 1983ರಲ್ಲಿ ಕೌದಿಯ ಮೇಲೆಯೇ ಅಕ್ಷರಗಳಲ್ಲಿ ಕಥೆ ಬರೆದಳು. ನಮ್ಮ ಕೌದಿಯಲ್ಲಿ ಅಕ್ಷರವಿಲ್ಲ. ಅಜ್ಜಿಯ ಸೀರೆ, ಮಗುವಿನ ಅಂಗಿ, ತೀರಿಹೋದವರ ಧೋತರ ಇವೇ ಅದರ ವಾಕ್ಯಗಳು. ಅವನ್ನು ಓದಬಲ್ಲವರು ಮನೆಯವರು ಮಾತ್ರ. ಆದುದರಿಂದ ಹೊಲಿದವಳ ಹೆಸರನ್ನೂ ಬಟ್ಟೆಗಳ ಪೂರ್ವವೃತ್ತಾಂತವನ್ನೂ ಕೇಳಿ ಬರೆದಿಡದೆ ಗೋಡೆಗೆ ತೂಗುಹಾಕಿದ ಕೌದಿ, ಅರ್ಧ ಹರಿದ ಗ್ರಂಥಕ್ಕೆ ಸಮಾನ. ಮಾರಾಟಕ್ಕೆಂದು ಹೊಸ ಬಟ್ಟೆಯಿಂದ ಹೊಲಿದದ್ದು ಚೆಲುವಾಗಿರಬಹುದು, ಹೊಲಿದವಳಿಗೆ ಸಂಪಾದನೆಯನ್ನೂ ತರಬಹುದು. ಆದರೆ ಅದರ ಕಥನ ಬೇರೆ.

ಮುಂಬಯಿಯ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಅಂಧೇರಿಯಂತಹ ಉಪನಗರಗಳ ಇಕ್ಕಟ್ಟಾದ ಮನೆಗಳಲ್ಲಿ ಹಳೆಯ ಸೀರೆಗಳು ಬಾಗಿಲಿಗೆ ಬರುವ ಪಾತ್ರೆಯವಳ ಗಂಟನ್ನು ಸೇರುತ್ತವೆ. ಅವುಗಳ ಬದಲಿಗೆ ಸ್ಟೀಲಿನ ಡಬ್ಬಿ ಬರುತ್ತದೆ. ಊರಿನಿಂದ ತಂದ ಕೌದಿಯಿನ್ನೂ ಯಾವ ಮನೆಯಲ್ಲಿದೆಯೋ ಅಲ್ಲಿ, ಅದರ ತುಂಡುಗಳು ಯಾರ ಉಡುಗೆಯವೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡುವುದು ಅಗತ್ಯ. ಕೌದಿಯ ವಿಮರ್ಶೆ ಮೊದಲಾಗಬೇಕಾದುದು ಅಲ್ಲಿಂದಲೇ.