ಚುಕ್ಕೆಗಳ ಸಾಕ್ಷ್ಯ: ಉಪಾಹಾರಗೃಹಗಳನ್ನು ಕುರಿತ ಜಾಲವಿಮರ್ಶೆಗಳ ಆಧಾರಮೌಲ್ಯ

ಕಳೆದ ವರ್ಷ ನಮ್ಮ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ಗದಗ ಪಟ್ಟಣಕ್ಕೆ ಸಮೀಪದ ಮಲ್ಲಸಮುದ್ರದ ಆಸುಪಾಸಿನಲ್ಲಿರುವ ಉಪಾಹಾರಗೃಹಗಳನ್ನೂ ಅಂಗಡಿಗಳನ್ನೂ ಕುರಿತು ಒಂದು ಕಿರುಪ್ರಬಂಧವನ್ನು ಸಿದ್ಧಪಡಿಸಿ ತಂದನು. ವಿಷಯವು ಹೊಸದು, ಪಟ್ಟ ಶ್ರಮವೂ ಕಡಮೆಯದಲ್ಲ. ಆದರೆ ಅದರಲ್ಲಿದ್ದ ಒಂದು ವಾಕ್ಯವು ನಮ್ಮನ್ನು ತಡೆದು ನಿಲ್ಲಿಸಿತು. ಮೊಬೈಲಿನ ನಕ್ಷೆಯಲ್ಲಿ ಒಂದು ಹೋಟೆಲಿಗೆ ದೊರೆತಿದ್ದ ಚುಕ್ಕೆಗಳ ಸರಾಸರಿಯನ್ನು ಕೊಟ್ಟು, ಆದುದರಿಂದ ಇದು ಜನರ ಮೆಚ್ಚುಗೆಗೆ ಪಾತ್ರವಾದ ಸ್ಥಳವೆಂದು ಅವನು ತೀರ್ಮಾನಿಸಿದ್ದನು. ಸಹೋದ್ಯೋಗಿಗಳಲ್ಲಿ ಒಬ್ಬರು ಇಂಥ ಬರಹಗಳನ್ನು ಆಧಾರವೆಂದು ಎಣಿಸುವುದೇ ಇತಿಹಾಸಶಾಸ್ತ್ರಕ್ಕೆ ಅಪಚಾರವೆಂದರು. ಇನ್ನೊಬ್ಬರು, ಸಾಮಾನ್ಯ ಜನರು ತಾವಾಗಿಯೇ ಬರೆದಿಟ್ಟ ಇಷ್ಟು ದೊಡ್ಡ ರಾಶಿಯು ಹಿಂದಿನ ಯಾವ ಶತಮಾನದಿಂದಲೂ ನಮಗೆ ದೊರೆತಿಲ್ಲವೆಂದರು. ನಮ್ಮ ಒಲವು ಎರಡನೆಯ ಮಾತಿನ ಕಡೆಗೆ. ಆದರೂ ವಿದ್ಯಾರ್ಥಿಯ ವಾಕ್ಯವನ್ನು ನಾವು ಒಪ್ಪಲಾರೆವು. ಏಕೆ ಒಪ್ಪಲಾರೆವೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಿದ್ದೇವೆ.

ಈ ಬರಹಗಳಿಗೆ 'ವಿಮರ್ಶೆ' ಎಂಬ ಹೆಸರು ಬಂದಿರುವುದೇ ಮೊದಲು ಗಮನಿಸತಕ್ಕ ಸಂಗತಿ. ವಿಮರ್ಶೆಯೆಂದರೆ ಅತ್ತಿತ್ತ ತೂಗಿ ನೋಡುವುದು, ಗುಣದೋಷಗಳೆರಡನ್ನೂ ಮುಂದಿಟ್ಟುಕೊಂಡು ನಿರ್ಣಯಕ್ಕೆ ಬರುವುದು. ಜಾಲದಲ್ಲಿ ನಾವು ಕಾಣುವುದು ಬಹುಮಟ್ಟಿಗೆ ಹೊಗಳಿಕೆ ಇಲ್ಲವೆ ದೂರು. ಉಂಡು ತೃಪ್ತನಾದವನು ಐದು ಚುಕ್ಕೆ ಕೊಡುತ್ತಾನೆ. ಕೆರಳಿದವನು ಒಂದು ಕೊಡುತ್ತಾನೆ. ಸಾಧಾರಣವಾದ ಊಟವನ್ನು ಸಾಧಾರಣವಾಗಿ ಉಂಡವನು ಕೈ ತೊಳೆದುಕೊಂಡು ಸುಮ್ಮನೆ ಹೊರಟುಹೋಗುತ್ತಾನೆ. ಹೀಗೆ ಎರಡು ತುದಿಗಳಲ್ಲಿ ಗುಂಪುಗೂಡಿದ ಅಂಕಗಳಿಂದ ಸರಾಸರಿಯನ್ನು ತೆಗೆದರೆ, ಯಾರೂ ಕೊಡದಿದ್ದ ಒಂದು ಅಭಿಪ್ರಾಯವು ಸಂಖ್ಯೆಯ ರೂಪದಲ್ಲಿ ಹುಟ್ಟುತ್ತದೆ.

ಇತಿಹಾಸದ ವಿದ್ಯಾರ್ಥಿಗೆ ಬಾಹ್ಯಪರೀಕ್ಷೆಯೆಂಬುದು ಮೊದಲ ಪಾಠ. ಬರೆದವನು ಯಾರು, ಎಂದು ಬರೆದನು, ಅಲ್ಲಿಗೆ ನಿಜವಾಗಿ ಹೋಗಿದ್ದನೆ, ಬರೆದುದರಿಂದ ಅವನಿಗೆ ಒದಗಿದ ಲಾಭವೇನು? ತಾಮ್ರಪಟಗಳಲ್ಲಿ ಕೂಟಶಾಸನಗಳನ್ನು ಬೇರ್ಪಡಿಸಲು ವಿದ್ವಾಂಸರು ಎಷ್ಟು ಕಷ್ಟಪಟ್ಟರೆಂಬುದನ್ನು ವಾಚಕರು ಬಲ್ಲರು. ಈ ಹೊಸ ರಾಶಿಯಲ್ಲಿ ಕೂಟಲೇಖಗಳನ್ನು ಸೃಷ್ಟಿಸುವುದು ಇನ್ನೂ ಸುಲಭ. 2017ರಲ್ಲಿ ಲಂಡನ್ನಿನ ಡಲಿಚ್ ಎಂಬ ಬಡಾವಣೆಯಲ್ಲಿ ಊಬಾ ಬಟ್ಲರ್ ಎಂಬ ಪತ್ರಕರ್ತನು ತಾನು ವಾಸಿಸುತ್ತಿದ್ದ ತೋಟದ ಗುಡಿಸಲನ್ನೇ ಭೋಜನಗೃಹವೆಂದು ಟ್ರಿಪ್ ಅಡ್ವೈಸರ್ ತಾಣದಲ್ಲಿ ನೋಂದಾಯಿಸಿ, ಗೆಳೆಯರಿಂದ ಕಲ್ಪಿತ ವಿಮರ್ಶೆಗಳನ್ನು ಬರೆಯಿಸಿದನು. ಒಂದು ತುತ್ತು ಅನ್ನವನ್ನೂ ಯಾರಿಗೂ ಬಡಿಸುವ ಮೊದಲೇ ಆ ಇಲ್ಲದ ಭೋಜನಗೃಹವು ಆರೇಳು ತಿಂಗಳಲ್ಲಿ ಲಂಡನ್ನಿನ ಭೋಜನಗೃಹಗಳೆಲ್ಲಕ್ಕೂ ಮೇಲಿನ ಸ್ಥಾನಕ್ಕೇರಿತು. ಮುಂದಿನ ಶತಮಾನದ ಸಂಶೋಧಕನೊಬ್ಬನು ಆ ಪುಟವನ್ನು ಮಾತ್ರ ಕಂಡು, ಬಟ್ಲರನ ತಪ್ಪೊಪ್ಪಿಗೆಯನ್ನು ಕಾಣದೆ ಹೋಗಿದ್ದರೆ, ಏನು ಬರೆಯುತ್ತಿದ್ದನೆಂಬುದನ್ನು ಊಹಿಸಿಕೊಳ್ಳಬಹುದು.

ನಮ್ಮ ದೇಶದಲ್ಲಿಯೂ ಈ ಸಮಸ್ಯೆಯು ಸರಕಾರದ ಲಕ್ಷ್ಯಕ್ಕೆ ಬಂದು, 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋದಿಂದ ಐ.ಎಸ್. 19000 ಎಂಬ ಮಾನದಂಡವು ಹೊರಟಿತು. ಬರೆದವನ ಗುರುತನ್ನು ಪರೀಕ್ಷಿಸುವ ಕ್ರಮ, ಪ್ರಕಟಿಸುವವರ ಹೊಣೆ ಇವುಗಳನ್ನು ಅದು ವಿವರಿಸುತ್ತದೆ. ಹೊರಟಾಗ ಅದು ಐಚ್ಛಿಕವಾಗಿದ್ದಿತು; ಆದಕಾರಣ ಅದನ್ನು ನೆಚ್ಚಿ ಸಂಶೋಧಕನು ತನ್ನ ಪರೀಕ್ಷೆಯನ್ನು ಬಿಡುವಂತಿಲ್ಲ.

ಇನ್ನು ಲಾಭದ ಪ್ರಶ್ನೆ. ವಿಮರ್ಶೆ ಬರೆದವರಿಗೆ ಗೂಗಲ್ ನಕ್ಷೆಯವರು ಅಂಕಗಳನ್ನು ಕೊಟ್ಟು, ಮೆಟ್ಟಿಲು ಮೆಟ್ಟಿಲಾಗಿ ಹತ್ತನೆಯ ಹಂತದವರೆಗೆ ಏರಿಸುತ್ತಾರೆ. ಇದನ್ನು ಕಂಡು ನಮಗೆ ನಗು ಬಂದುದುಂಟು. ಏಕೆಂದರೆ ಬರೆದವನಿಗೆ ಬಿರುದು ಸಲ್ಲುವ ಪದ್ಧತಿಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಲಕ್ಕುಂಡಿ, ಲಕ್ಷ್ಮೇಶ್ವರ, ಗದಗುಗಳ ಶಾಸನಗಳನ್ನು ಓದಿದವರಿಗೆ ಪ್ರಶಸ್ತಿಯ ಸ್ವಭಾವವು ಚೆನ್ನಾಗಿ ತಿಳಿದಿದೆ. ಅಯ್ಯಾವೊಳೆಯ ಐನೂರ್ವರ ಶಾಸನಗಳು ಆ ವರ್ತಕಸಂಘದ ಸತ್ಯಶೌಚಗಳನ್ನೂ ಶೌರ್ಯವನ್ನೂ ನಾನಾ ದೇಶಸಂಚಾರವನ್ನೂ ಬಿರುದುಗಳ ಸಾಲಿನಲ್ಲಿ ಕೊಂಡಾಡುತ್ತವೆ. ಅದನ್ನೋದಿ, ಆ ಕಾಲದಲ್ಲಿ ತಕ್ಕಡಿಯಲ್ಲಿ ಮೋಸ ಮಾಡಿದ ಸೆಟ್ಟಿಯೊಬ್ಬನೂ ಇರಲಿಲ್ಲವೆಂದು ಯಾವ ಇತಿಹಾಸಕಾರನೂ ಬರೆಯುವುದಿಲ್ಲ. ಹಾಗೆಂದು ಶಾಸನವನ್ನು ಬಿಸುಡುವುದೂ ಇಲ್ಲ. ಬಿರುದುಗಳನ್ನು ಬದಿಗಿರಿಸಿ, ದತ್ತಿಯ ಭಾಗದಲ್ಲಿ ಬರುವ ಅಡಕೆ, ಮೆಣಸು, ಎಲೆಗಳ ಹೇರುಗಳನ್ನೂ ಸುಂಕವನ್ನೂ ಅಳತೆಯನ್ನೂ ಗುರುತು ಹಾಕಿಕೊಳ್ಳುತ್ತಾನೆ. ಉದ್ದೇಶಪೂರ್ವಕವಾಗಿ ನುಡಿದ ಸಾಕ್ಷ್ಯಕ್ಕಿಂತ ಅರಿಯದೆ ಜಾರಿದ ಸಾಕ್ಷ್ಯವು ಹೆಚ್ಚು ನಂಬಲರ್ಹವೆಂದು ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್ ತನ್ನ ಮರಣಾನಂತರ 1949ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಪ್ರತಿಪಾದಿಸಿದುದು ಇದೇ ವಿವೇಕವನ್ನು.

ಇದೇ ಬೆಳಕಿನಲ್ಲಿ ಜಾಲವಿಮರ್ಶೆಗಳನ್ನು ಮತ್ತೊಮ್ಮೆ ಓದಬೇಕು. 'ಸೂಪರ್', 'ಊಟ ಚೆನ್ನಾಗಿದೆ', 'ಮನೆಯ ರುಚಿ' ಎಂಬುವು ಬಿರುದಾವಳಿ. ಅವುಗಳಿಂದ ನಮಗೆ ಏನೂ ತಿಳಿಯುವುದಿಲ್ಲ. ಮಧ್ಯಾಹ್ನ ಮೂರರ ಮೇಲೆ ಹೋದರೆ ರೊಟ್ಟಿ ಮುಗಿದಿರುತ್ತದೆ, ಕೆಳಗೆ ಕುಳಿತು ಉಣ್ಣುವ ಏರ್ಪಾಡು ಇದೆ, ಚಿಲ್ಲರೆ ಇಲ್ಲದಿದ್ದರೆ ಮೊಬೈಲಿನಿಂದ ಹಣ ಕೊಡಬಹುದು, ಅಮಾವಾಸ್ಯೆಯ ದಿನ ಬಾಗಿಲು ಮುಚ್ಚಿರುತ್ತದೆ, ಇಂಥ ಮಾತುಗಳು ಬಂದಾಗ ಸಂಶೋಧಕನು ಕಿವಿ ನಿಮಿರಿಸಬೇಕು. ಎಲ್ಲಕ್ಕಿಂತ ಮಿಗಿಲಾದುದು, ಬರಹದ ಜೊತೆಗೆ ಏರಿಸಿದ ಛಾಯಾಚಿತ್ರ. ತಟ್ಟೆಯ ಚಿತ್ರವನ್ನು ತೆಗೆಯಹೋದವನು ಹಿಂದಿನ ಗೋಡೆಯ ದರಪಟ್ಟಿಯನ್ನೂ ಸೇರಿಸಿ ತೆಗೆದಿರುತ್ತಾನೆ. ವಿಜಯನಗರದ ಪೇಟೆಯ ಸಮೃದ್ಧಿಯನ್ನೂ ಧಾನ್ಯಗಳ ಅಗ್ಗವನ್ನೂ 1520ರ ಸುಮಾರಿನಲ್ಲಿ ಬಂದಿದ್ದ ಪೋರ್ತುಗೀಜ ಪಾಯಸನು ಬರೆದಿಟ್ಟುದರಿಂದ ನಾವು ಇಂದಿಗೂ ಅವನಿಗೆ ಋಣಿಗಳು. ಅವನೂ ಒಬ್ಬ ದಾರಿಹೋಕ ವಿಮರ್ಶಕನೇ. ರೊಟ್ಟಿ ಊಟ, ಗಿರಮಿಟ್ಟು, ಮಿರ್ಚಿ ಭಜಿಗಳ ಬೆಲೆಯು ದಿನಾಂಕಸಹಿತವಾಗಿ ಉಳಿದಿರುವುದನ್ನು ನಾವು ಅಲ್ಪವೆಂದು ಭಾವಿಸಬಾರದು.

ಈಗ ಮಲ್ಲಸಮುದ್ರಕ್ಕೆ ಬರೋಣ. ಮುಳಗುಂದದ ದಾರಿಯಲ್ಲಿರುವ ಈ ಊರಿನ ಬಳಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ನೆಲೆಗೊಂಡಿದೆ. ಇಂಥ ಸ್ಥಳದಲ್ಲಿ ಉಣ್ಣಲು ಬರುವವರು ಎರಡು ಬಗೆ. ವಿದ್ಯಾರ್ಥಿಗಳು, ವೈದ್ಯರು, ಔಷಧದ ವ್ಯಾಪಾರಿಗಳು, ದಾರಿಯಲ್ಲಿ ಕಾರು ನಿಲ್ಲಿಸಿದವರು ಒಂದು ಬಗೆ. ಶಿರಹಟ್ಟಿ, ಮುಂಡರಗಿ, ರೋಣಗಳ ಹಳ್ಳಿಗಳಿಂದ ರೋಗಿಯ ಜೊತೆಗೆ ಬಂದು, ವಾರಗಟ್ಟಲೆ ಅಲ್ಲಿಯೇ ಉಳಿಯುವವರು ಇನ್ನೊಂದು ಬಗೆ. ನಾವು ಹೋಗಿ ನೋಡಿದಾಗ ಮಧ್ಯಾಹ್ನದ ಹೊತ್ತಿನಲ್ಲಿ ಈ ಎರಡನೆಯವರೇ ಹೆಚ್ಚಾಗಿ ಕಂಡರು. ವಿಮರ್ಶೆಗಳನ್ನು ಓದಿದರೆ ಅವರು ಇದ್ದಾರೆಂಬ ಸುಳಿವೂ ಹತ್ತುವುದಿಲ್ಲ. ರೊಟ್ಟಿ ಎಷ್ಟು ಅಗ್ಗ, ಪಲ್ಯವನ್ನು ಎರಡನೆಯ ಸಲ ನೀಡುತ್ತಾರೆಯೆ, ಬುತ್ತಿ ಕಟ್ಟಿ ಕೊಡುತ್ತಾರೆಯೆ ಎಂಬುದನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವರು ಅವರು. ಆದರೆ ಅವರ ತೀರ್ಪು ಬಾಯಿಂದ ಬಾಯಿಗೆ ಹೋಗಿ ಗಾಳಿಯಲ್ಲಿ ಕಳೆಯುತ್ತದೆ. ಬರಹಗಳ ಪೈಕಿ ಇಂಗ್ಲಿಷಿನವೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದವೂ ಎದ್ದು ಕಾಣುತ್ತವೆ. ಕನ್ನಡ ಲಿಪಿಯವು ವಿರಳ. ಮನೆಯ ಪಡಸಾಲೆಯಲ್ಲಿಯೇ ನಾಲ್ಕು ಜನಕ್ಕೆ ಎಲೆ ಹಾಕುವ, ಹೆಸರುಹಲಗೆಯಿಲ್ಲದ ಖಾನಾವಳಿಯು ನಕ್ಷೆಯಲ್ಲಿ ಇಲ್ಲವೇ ಇಲ್ಲ. ಹೀಗಿರಲು 'ಜನರ ಮೆಚ್ಚುಗೆ' ಎಂಬ ಮಾತಿನಲ್ಲಿ ಜನರೆಂದರೆ ಯಾರು? ವಿದ್ಯಾರ್ಥಿಯ ವಾಕ್ಯದ ಮುಖ್ಯ ದೋಷವು ಇಲ್ಲಿದೆ. ಶಾಸನ ಹಾಕಿಸದವನು ಇರಲೇ ಇಲ್ಲವೆಂದು ತಿಳಿಯುವ ಹಳೆಯ ತಪ್ಪನ್ನೇ ಅದು ಹೊಸ ಸಾಮಗ್ರಿಯ ಮೇಲೆ ಮಾಡುತ್ತದೆ.

ಇದು ಬರಿಯ ವಿದ್ವತ್ತಿನ ಮಾತಲ್ಲ. ಅಮೆರಿಕದ ಮೈಕೇಲ್ ಲೂಕಾ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಸಿಯಾಟಲ್ ನಗರವನ್ನು ಕುರಿತು ನಡೆಸಿದ ಅಧ್ಯಯನದಲ್ಲಿ, ಯೆಲ್ಪ್ ತಾಣದಲ್ಲಿ ಒಂದು ಚುಕ್ಕೆ ಹೆಚ್ಚಿದರೆ ಭೋಜನಗೃಹದ ಆದಾಯವು ಶೇಕಡಾ 5ರಿಂದ 9ರಷ್ಟು ಹೆಚ್ಚುತ್ತದೆಂದು ಕಂಡುಕೊಂಡರು. ಈ ಪರಿಣಾಮವು ಹೆಸರಾಂತ ಸರಣಿ ಭೋಜನಗೃಹಗಳ ಮೇಲೆ ಕಾಣಲಿಲ್ಲ. ಒಬ್ಬಂಟಿ ಮಾಲಿಕರ ಸಣ್ಣವುಗಳ ಮೇಲೆಯೇ ಬಿದ್ದಿತು. ಸಿಯಾಟಲಿನ ಲೆಕ್ಕವನ್ನು ಮಲ್ಲಸಮುದ್ರಕ್ಕೆ ಹಾಗೆಯೇ ಹೊಂದಿಸಲಾಗದು. ಆದರೆ ಪೆಟ್ಟು ಯಾರಿಗೆ ತಾಗುತ್ತದೆಂಬುದನ್ನು ಅದರಿಂದ ತಿಳಿಯಬಹುದು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಎರಡು ವರ್ಷಗಳ ಹಿಂದೆ ಬಂಧುವೊಬ್ಬರ ಚಿಕಿತ್ಸೆಯ ಸಲುವಾಗಿ ಒಂದು ಊರಿನ ಆಸ್ಪತ್ರೆಯಲ್ಲಿದ್ದಾಗ, ಎದುರಿನ ಖಾನಾವಳಿಯಲ್ಲಿ ಮುಕ್ಕಾಲು ಗಂಟೆ ಕಾಯಿಸಿದರೆಂಬ ಸಿಟ್ಟಿನಲ್ಲಿ ನಾವು ಒಂದು ಚುಕ್ಕೆ ಕೊಟ್ಟು ಎರಡು ಸಾಲು ಬರೆದೆವು. ಮರುದಿನ ಮತ್ತೆ ಹೋದಾಗ, ನಮ್ಮ ಕಣ್ಣೆದುರಿಗೇ ಒಲೆಯ ಮುಂದಿದ್ದ ತಾಯಿಯೊಬ್ಬರು ವಾರ್ಡಿಗೆ ಹೋಗಬೇಕಾದ ಬುತ್ತಿಗಳನ್ನು ಮೊದಲು ಕಟ್ಟಿ ಕಳಿಸಿ, ಆಮೇಲೆ ಕುಳಿತವರಿಗೆ ಬಡಿಸುವುದನ್ನು ಕಂಡೆವು. ನಾಚಿಕೆಯಿಂದ ನಾವು ಬರೆದುದನ್ನು ಅಳಿಸಿಬಿಟ್ಟೆವು. ಇದರಿಂದ ಒಳ್ಳೆಯದನ್ನೇ ಮಾಡಿದೆವೆಂದು ಬಹುಕಾಲ ನಂಬಿದ್ದೆವು. ಈ ಲೇಖನವನ್ನು ಬರೆಯುವಾಗ ಅದರ ಬಗ್ಗೆ ಸಂದೇಹ ಹುಟ್ಟಿದೆ. ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವನ್ನು ತಗುಲಿಸುವ ಶಾಪಾಶಯವು ನಮ್ಮ ಶಾಸನಗಳ ಕೊನೆಯಲ್ಲಿ ಬರುತ್ತದೆಯಷ್ಟೆ. ಜಾಲದ ಬರಹಕ್ಕೆ ಅಂಥ ಕಾವಲಿಲ್ಲ. ಬೆರಳು ತಾಗಿದರೆ ಅಳಿಯುತ್ತದೆ, ಅಳಿದ ಗುರುತೂ ಉಳಿಯದು. ನಾವು ಅಳಿಸುವ ಬದಲು ಕೆಳಗೆ ತಿದ್ದುಪಡಿಯನ್ನು ಸೇರಿಸಿದ್ದರೆ, ವಾರ್ಡಿನ ಬುತ್ತಿಗೆ ಮೊದಲ ಸರದಿ ಸಲ್ಲುತ್ತಿದ್ದ ಆ ಖಾನಾವಳಿಯ ರೂಢಿಯು ಎಲ್ಲಿಯಾದರೂ ದಾಖಲಾಗಿ ಉಳಿಯುತ್ತಿದ್ದಿತು.

ವಿದ್ಯಾರ್ಥಿಗೆ ಪ್ರಬಂಧವನ್ನು ಮರಳಿಸಿ, ಸರಾಸರಿಗಳನ್ನು ತೆಗೆದುಹಾಕುವಂತೆಯೂ ಉಪಯೋಗಿಸಿದ ಪ್ರತಿಯೊಂದು ವಿಮರ್ಶೆಯ ಪ್ರತಿಯನ್ನು ದಿನಾಂಕದೊಡನೆ ಮುದ್ರಿಸಿ ಅನುಬಂಧದಲ್ಲಿ ಸೇರಿಸುವಂತೆಯೂ, ನಕ್ಷೆಯಲ್ಲಿಲ್ಲದ ಖಾನಾವಳಿಗಳಿಗೆ ತಾನೇ ಹೋಗಿ ಕೇಳಿ ಬರೆಯುವಂತೆಯೂ ಸೂಚಿಸಿದೆವು. ಅವನು ಮೂರು ವಾರ ತಿರುಗಿದನು. ಪರಿಷ್ಕೃತ ಪ್ರತಿಯ ಅನುಬಂಧದಲ್ಲಿ, ಯಾರೋ ಒಬ್ಬ ಪ್ರಯಾಣಿಕನು ಐದು ಚುಕ್ಕೆಗಳೊಡನೆ ಏರಿಸಿದ್ದ ಒಂದು ಛಾಯಾಚಿತ್ರವಿದೆ. ಮುಂದೆ ಎಣ್ಣೆಗಾಯಿ, ಶೇಂಗಾ ಚಟ್ನಿಗಳ ತಟ್ಟೆ, ಹಿಂದೆ ಕರಿಹಲಗೆ. ಹಲಗೆಯ ಮೇಲೆ ಊಟದ ಬೆಲೆಯನ್ನು ಒರಸಿ ಸೀಮೆಸುಣ್ಣದಿಂದ ಬೇರೆ ಅಂಕಿಯನ್ನು ಬರೆದಿದ್ದಾರೆ. ಹಳೆಯ ಅಂಕಿಯೂ ಅದರ ಕೆಳಗೆ ಮಸುಕಾಗಿ ಓದಲು ಬರುತ್ತದೆ.