ಕಲಬುರ್ಗಿಯವರ ಶಾಸನದ ಓದು: ಹೆಬ್ಬಾಳದ ಕಲ್ಲಿನ ಮುಂದೆ ಒಂದು ವಿಮರ್ಶೆ

ಎಂ. ಎಂ. ಕಲಬುರ್ಗಿ ಅಂದ ತಕ್ಷಣ ಬಹಳ ಜನಕ್ಕೆ ನೆನಪಾಗೋದು 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ನಡೆದ ಅವರ ಹತ್ಯೆ. ಶಾಸನಾಸಕ್ತರಾದ ನಮಗೆ ಅಷ್ಟೇ ಸಾಲದು. 1938ರಲ್ಲಿ ಹುಟ್ಟಿದ ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರು, 1998ರಿಂದ 2001ರವರೆಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ. ‘ಮಾರ್ಗ-4’ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕುಲಪತಿ ಹುದ್ದೆ ಮೂರು ವರ್ಷದ್ದು. ಶಾಸನದ ನಂಟು ಜೀವಮಾನದ್ದು.

ಅವರ ‘ಕನ್ನಡ ನಾಮವಿಜ್ಞಾನ’ ನಮ್ಮ ಉತ್ತರ ಬೆಂಗಳೂರಿಗೂ ಕೆಲಸಕ್ಕೆ ಬರುತ್ತೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿಟ್ಟಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅದರಲ್ಲಿ ‘ಪೆರ್ಬೊಳಲ್ನಾಡು’ ಅಂತಿದೆ. ಪೊಳಲ್ ಅಂದರೆ ಪಟ್ಟಣ. ಪೆರ್ ಅಂದರೆ ಹಿರಿದು. ಹಳಗನ್ನಡದ ಪಕಾರ ಮುಂದೆ ಹಕಾರವಾಯ್ತು, ಹಾಗಾಗಿ ಪೆರ್ಬೊಳಲಿನಿಂದ ಹೆಬ್ಬಾಳದ ಕಡೆಗೆ ದಾರಿ ಕಾಣುತ್ತೆ. ಊರಿನ ಹೆಸರಿಗೆ ಕಥೆ ಕಟ್ಟುವ ಮೊದಲು ಹಳೆಯ ರೂಪ ಹುಡುಕಬೇಕು ಅನ್ನೋ ಶಿಸ್ತು ಇದು.

ಈಗ ನನ್ನ ತಕರಾರು. ‘ಶಾಸನಗಳಲ್ಲಿ ಶಿವಶರಣರು’ ತುಂಬಾ ಉಪಯುಕ್ತ ಪುಸ್ತಕ. ಆದರೆ ಇಂಥ ಓದಿನಲ್ಲಿ ಒಂದು ಅಪಾಯ ಇದ್ದೇ ಇದೆ: ಕಲ್ಲಿನ ಮೇಲೆ ಶರಣರ ಹೆಸರು ಕಂಡರೆ ಅದು ಅವರೇ ಅಂತ ನಂಬಿಬಿಡೋದು. 1260ರ ಅರ್ಜುನವಾಡ ಶಾಸನ ಯಾಕೆ ಗಟ್ಟಿ? ಅಲ್ಲಿ ಬಸವನ ಹೆಸರಷ್ಟೇ ಅಲ್ಲ, ತಂದೆ ಮಾದಿರಾಜ, ಊರು ಬಾಗೇವಾಡಿ ಎರಡೂ ಇವೆ. ಹೆಸರು, ತಂದೆ, ಊರು ಮೂರೂ ಕೂಡಿದರೆ ಗುರುತು ನಿಲ್ಲುತ್ತೆ. ಬರೀ ಹೆಸರಾದರೆ ಅದು ಊಹೆ. ಊಹೆ ಅಂತಲೇ ಬರೆಯಬೇಕು. ಕಲಬುರ್ಗಿಯವರ ಪುಸ್ತಕವನ್ನೂ ಈ ಅಳತೆಯಲ್ಲೇ ಸಾಲುಸಾಲಾಗಿ ಓದಬೇಕು.

ಆದರೆ ‘ಮಾರ್ಗ-1’ರಲ್ಲಿ ಚನ್ನಬಸವಣ್ಣನ ಜನನದ ಬಗ್ಗೆ ಬರೆದದ್ದಕ್ಕೆ ಅವರಿಗೆ ಸಿಕ್ಕಿದ್ದು ಇಂಥ ಓದಲ್ಲ, ಒತ್ತಡ. 1989ರಲ್ಲಿ ಆ ಬರಹ ಹಿಂತೆಗೆದುಕೊಳ್ಳಬೇಕಾಯ್ತು. ಅದು ತಪ್ಪೇ ಆಗಿದ್ದರೂ ಆಧಾರಗಳಿಂದ ಬಿದ್ದುಹೋಗಬೇಕಿತ್ತು. ಹೆದರಿಸಿ ನಿಲ್ಲಿಸಿದ ವಾದ ಸೋತದ್ದೂ ಅಲ್ಲ, ಗೆದ್ದದ್ದೂ ಅಲ್ಲ. ಮುಂದಿನವರು ಆ ಪ್ರಶ್ನೆ ಮುಟ್ಟೋಕೇ ಅಂಜುತ್ತಾರೆ. ನಷ್ಟ ಆಗೋದು ವಿದ್ಯೆಗೆ.

ಅವರನ್ನು ಹೊಗಳೋರು, ಬಯ್ಯೋರು ಇಬ್ಬರೂ ಮೊದಲು ‘ಮಾರ್ಗ’ದ ಒಂದು ಸಂಪುಟವನ್ನಾದರೂ ಪೂರ್ತಿ ಓದಲಿ. ಒಪ್ಪದಿದ್ದರೆ ಎದುರಿಗೆ ಇನ್ನೊಂದು ಶಾಸನ ತಂದಿಡಲಿ.